ಶೆರ್ಮನ್ ಮಾದರಿಗೆ ನೀರು ಹಾಯುವ ಗಾಳಿಕೊಳವೆ ಕಟ್ಟುವುದು ಹೇಗೆ?

1944ರಲ್ಲಿ ಮಿತ್ರಪಡೆಗಳು ಬಂದಿಳಿದ ಫ್ರಾನ್ಸಿನ ನಾರ್ಮಂಡಿ ಕಡಲತೀರದ ಚಿತ್ರಗಳಲ್ಲಿ ಅಮೆರಿಕದಲ್ಲಿ ತಯಾರಾದ ಕೆಲವು ಶೆರ್ಮನ್ ಟ್ಯಾಂಕುಗಳ ಬೆನ್ನ ಮೇಲೆ ಹಂಚಿನ ಮನೆಯ ಹೊಗೆಗೂಡಿನಂಥ ಎರಡು ಎತ್ತರದ ತಗಡಿನ ಪೆಟ್ಟಿಗೆಗಳು ಕಾಣುತ್ತವೆ. ಮಾದರಿ ಕಟ್ಟುವವರು ಇವುಗಳ ಬಗ್ಗೆ ಮತ್ತೆ ಮತ್ತೆ ಕೇಳುವುದು ಮೂರೇ ಪ್ರಶ್ನೆ: ಯಾವುದರಲ್ಲಿ ಗಾಳಿ ಒಳಗೆ, ಯಾವುದರಲ್ಲಿ ಹೊಗೆ ಹೊರಗೆ? ಅಂಗಡಿಯಲ್ಲಿ ಕೊಳ್ಳುವ ಬಿಡಿಭಾಗಗಳ ಕಿಟ್‌ನಲ್ಲಿ ಬಾರದಿದ್ದರೆ ನಾವೇ ಮಾಡಿಕೊಳ್ಳಬಹುದೇ? ಯಾವ ಟ್ಯಾಂಕಿಗೆ ಹಾಕಿದರೆ ತಪ್ಪಾಗುವುದಿಲ್ಲ? ಮೂರಕ್ಕೂ ಉತ್ತರ ಕೆಳಗಿದೆ. ಅಳತೆಗಳೆಲ್ಲ 1:35 ಪ್ರಮಾಣದವು. ಬೇರೆ ಪ್ರಮಾಣದಲ್ಲಿ ಕಟ್ಟುವವರಿಗೆ ಬೇಕಾದ ಲೆಕ್ಕ ಅಲ್ಲಲ್ಲೇ ಇದೆ.

ಹೆಸರಿನ ಗೊಂದಲ ಮೊದಲು ತೀರಲಿ. ಇಂಗ್ಲಿಷಿನಲ್ಲಿ ಇದಕ್ಕೆ ವೇಡಿಂಗ್ ಟ್ರಂಕ್ ಎನ್ನುತ್ತಾರೆ. ವೇಡಿಂಗ್ ಎಂದರೆ ನಾವು ಹೊಳೆ ಹಾಯುತ್ತೇವಲ್ಲ, ಅದೇ: ಕಾಲು ನೆಲಕ್ಕೆ ತಾಗಿರುವಂತೆಯೇ ನೀರಲ್ಲಿ ನಡೆದು ದಾಟುವುದು, ಈಜುವುದಲ್ಲ. ಟ್ರಂಕ್ ಎಂದರೆ ಇಲ್ಲಿ ಬಟ್ಟೆ ತುಂಬುವ ಪೆಟ್ಟಿಗೆಯಲ್ಲ, ಗಾಳಿ ಸಾಗಿಸುವ ಚೌಕಾಕಾರದ ಕೊಳವೆ. ಈ ಲೇಖನದಲ್ಲಿ ಅದನ್ನು ಗಾಳಿಕೊಳವೆ ಎಂದೇ ಕರೆಯುತ್ತೇವೆ. ತೇಲುವ ಟ್ಯಾಂಕು ಬೇರೆಯೇ ಜಾತಿ. ಅದಕ್ಕೆ ಸುತ್ತಲೂ ಕ್ಯಾನ್ವಾಸ್ ಗೋಡೆ, ಹಿಂದೆ ಎರಡು ಪ್ರೊಪೆಲ್ಲರ್. ಅದರ ಹೆಸರು ಡಿಡಿ, ಅಂದರೆ ಡ್ಯೂಪ್ಲೆಕ್ಸ್ ಡ್ರೈವ್. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದೆದುರು ಅಮೆರಿಕದ 741ನೇ ಟ್ಯಾಂಕ್ ಬೆಟಾಲಿಯನ್ ನೀರಿಗಿಳಿಸಿದ 29 ಡಿಡಿ ಟ್ಯಾಂಕುಗಳಲ್ಲಿ 27 ಮುಳುಗಿದವು. ಅದೇ ಬೆಟಾಲಿಯನ್ನಿನ ಗಾಳಿಕೊಳವೆಯ ಟ್ಯಾಂಕುಗಳು ದೋಣಿಯಿಂದ ನೇರವಾಗಿ ದಡದ ನೀರಿಗೆ ಇಳಿದವು. ಒಂದೇ ಮಾದರಿಗೆ ಕ್ಯಾನ್ವಾಸ್ ಗೋಡೆಯನ್ನೂ ಗಾಳಿಕೊಳವೆಯನ್ನೂ ಹಾಕಬೇಡಿ.

ಕಟ್ಟುವ ಮೊದಲು: ಗಾಳಿಯ ದಾರಿ

ಈ ಭಾಗವನ್ನು ಹಾರಿಸಿ ಮುಂದೆ ಹೋದವರೇ ಹೆಚ್ಚು ತಪ್ಪು ಮಾಡುವುದು.

ಎಂ4 ಮತ್ತು ಎಂ4ಎ1 ಶೆರ್ಮನ್‌ಗಳಲ್ಲಿ ಇದ್ದದ್ದು ಕಾಂಟಿನೆಂಟಲ್ ಆರ್975 ಎಂಬ ಒಂಬತ್ತು ಸಿಲಿಂಡರಿನ ರೇಡಿಯಲ್ ಎಂಜಿನ್, ಮೂಲತಃ ವಿಮಾನದ್ದು. ರೇಡಿಯಲ್ ಎಂದರೆ ಸಿಲಿಂಡರುಗಳು ಬಂಡಿಚಕ್ರದ ಅರೆಕಾಲುಗಳಂತೆ ಸುತ್ತ ಜೋಡಿಸಿದವು. ಇದನ್ನು ತಣ್ಣಗಿಡುವುದು ನೀರಲ್ಲ, ಗಾಳಿ. ತೋಪು ಕೂತ ಗೋಪುರದ (ಟರೆಟ್) ಹಿಂದೆಯೇ, ಎಂಜಿನ್ ಡೆಕ್ಕಿನ ಮೇಲಿನ ಜಾಲರಿಯಿಂದ ದೊಡ್ಡ ಫ್ಯಾನ್ ಗಾಳಿಯನ್ನು ಒಳಗೆಳೆಯುತ್ತದೆ. ಆ ಗಾಳಿ ಸಿಲಿಂಡರುಗಳನ್ನು ಸವರಿಕೊಂಡು ಹೋಗಿ ಒಡಲಿನ ಹಿಂಬದಿಯ ಚಾಚಿನ ಅಡಿಯಿಂದ ಹೊರಬೀಳುತ್ತದೆ. ಸೈಲೆನ್ಸರಿನ ಹೊಗೆ ಬರುವುದೂ ಅಲ್ಲೇ.

ಯಾವ ಸಿದ್ಧತೆಯೂ ಇಲ್ಲದ ಶೆರ್ಮನ್ ಸುಮಾರು 1 ಮೀಟರ್ ನೀರು ಹಾಯಬಲ್ಲದು. ಅದಕ್ಕಿಂತ ಆಳಕ್ಕೆ ಹೋದರೆ ಹಿಂದಿನ ಬಾಯಿಂದ ನೀರು ನುಗ್ಗಿ ಫ್ಯಾನಿಗೆ ಬಡಿಯುತ್ತದೆ. ಹಾಗಾಗಿ ಎರಡೂ ಬಾಯಿಗಳನ್ನು ನೀರಿನ ಮಟ್ಟದಿಂದ ಮೇಲಕ್ಕೆ ಎತ್ತಬೇಕಾಯಿತು. ಗಾಳಿಕೊಳವೆಯ ಕೆಲಸ ಇಷ್ಟೇ. ಮುಂದಿನದು ಉಸಿರು ಎಳೆಯುವುದು, ಹಿಂದಿನದು ಬಿಡುವುದು. ಎರಡನ್ನೂ ಹಾಕಿ ಉಳಿದ ಸಂದುಗೊಂದುಗಳನ್ನು ಮೆತ್ತಿ ಮುಚ್ಚಿದರೆ ಟ್ಯಾಂಕು ಸುಮಾರು 6 ಅಡಿ, ಅಂದರೆ 1.8 ಮೀಟರ್ ನೀರು ಹಾಯುತ್ತಿತ್ತು.

ಈ ಆಳವನ್ನು ನಿಮ್ಮ ಮಾದರಿಗೆ ಇಳಿಸಿಕೊಳ್ಳಿ. 6 ಅಡಿ ಎಂದರೆ 1:35ರಲ್ಲಿ 52 ಮಿ.ಮೀ., 1:48ರಲ್ಲಿ 38 ಮಿ.ಮೀ., 1:72ರಲ್ಲಿ 25 ಮಿ.ಮೀ. ಟ್ರ್ಯಾಕಿನ ಅಡಿಯಿಂದ ಅಳೆದು ಒಡಲಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಒಡಲಿನ ಚಾವಣಿಯ ಆಸುಪಾಸಿಗೆ ಬರುತ್ತದೆ. ಅದರ ಕೆಳಗೆ ತೆರೆದಿರುವ ಪ್ರತಿಯೊಂದು ತೂತೂ ಮುಚ್ಚಿರಬೇಕು, ಅದರ ಮೇಲೂ ಅಲೆಗೆ ಸಿಗುವ ಸಂದುಗಳು ಮುಚ್ಚಿರಬೇಕು. ಮುಂದಿನ ಹಂತಗಳೆಲ್ಲ ಈ ಗೆರೆಯನ್ನೇ ನಂಬಿಕೊಂಡಿವೆ.

ಯಾವ ಟ್ಯಾಂಕು, ಯಾವ ಹೊತ್ತು?

ಜೂನ್ 6ರ ಅಮೆರಿಕನ್ ಟ್ಯಾಂಕು ಮಾಡುವುದಾದರೆ 75 ಮಿ.ಮೀ. ತೋಪಿನ ಎಂ4 ಅಥವಾ ಎಂ4ಎ1 ಆರಿಸಿಕೊಳ್ಳಿ. 76 ಮಿ.ಮೀ. ತೋಪಿನ ಎಂ4ಎ1 ಯುದ್ಧಕ್ಕಿಳಿದದ್ದು ಜುಲೈ ಕೊನೆಯ ಕೋಬ್ರಾ ಕಾರ್ಯಾಚರಣೆಯಲ್ಲಿ, ಅಂದರೆ ನಾರ್ಮಂಡಿಯ ಒಳನಾಡಿನಲ್ಲಿ ಅಮೆರಿಕನ್ನರು ಜರ್ಮನ್ ಸಾಲನ್ನು ಭೇದಿಸಿದಾಗ. ಪೆಟ್ಟಿಗೆಯ ಮೇಲಿನ ಚಿತ್ರ ಚೆಂದವಿದೆ ಎಂದು 76ರ ಕಿಟ್ ತಂದು ಅದನ್ನು ಒಮಾಹಾ ನೀರಿನಲ್ಲಿ ನಿಲ್ಲಿಸಿದವರು ಒಬ್ಬಿಬ್ಬರಲ್ಲ.

ಬೇರೆ ಎಂಜಿನಿನ ಶೆರ್ಮನ್‌ಗಳಿಗೆ ಕೊಳವೆಯ ಬುಡದ ಆಕಾರವೇ ಬೇರೆ. ಎಂ4ಎ2ರಲ್ಲಿ ಎರಡು ಡೀಸೆಲ್ ಎಂಜಿನ್. ಎಂ4ಎ4ರಲ್ಲಿ ಐದು ಕಾರ್ ಎಂಜಿನ್‌ಗಳನ್ನು ಒಟ್ಟು ಕಟ್ಟಿದ ಕ್ರೈಸ್ಲರ್ ಗಂಟು, ಅದನ್ನು ಕೂರಿಸಲೆಂದೇ ಒಡಲು ಉದ್ದ. ಎಂ4ಎ3ರಲ್ಲಿ ಫೋರ್ಡ್ ವಿ8, ಡೆಕ್ಕಿನ ಮೇಲೆ ದೊಡ್ಡ ಜಾಲರಿ ಬಾಗಿಲು. ಒಂದಕ್ಕೆ ಮಾಡಿದ ರೆಸಿನ್ ಸೆಟ್ (ಅಚ್ಚು ಹೊಯ್ದು ಪ್ರತ್ಯೇಕವಾಗಿ ಮಾರುವ ಭಾಗಗಳು) ಇನ್ನೊಂದಕ್ಕೆ ಕೂರುವುದಿಲ್ಲ, ಕೂರಿಸಬಾರದು ಕೂಡ.

ಹೊತ್ತಿನ ಆಯ್ಕೆಯೂ ಅಷ್ಟೇ ಮುಖ್ಯ. ದೋಣಿಯಲ್ಲಿರುವ ಟ್ಯಾಂಕು, ನೀರಿನಲ್ಲಿರುವುದು, ಆಗಷ್ಟೇ ದಡ ಹತ್ತಿದ್ದು, ವಾರದ ಬಳಿಕ ಒಳನಾಡಿನ ಬೇಲಿಯ ಪಕ್ಕ ನಿಂತದ್ದು: ನಾಲ್ಕಕ್ಕೂ ನಾಲ್ಕು ವೇಷ. ಮೊದಲ ಎರಡರಲ್ಲಿ ಕೊಳವೆ ಪೂರ್ತಿ ಇರುತ್ತದೆ, ಮುಚ್ಚಿದ ಬಟ್ಟೆ ಬಿಗಿಯಾಗಿರುತ್ತದೆ. ಮೂರನೆಯದರಲ್ಲಿ ಬಟ್ಟೆ ಹರಿದಿರುತ್ತದೆ, ಕೊಳವೆ ಇದ್ದರೂ ಇರಬಹುದು. ನಾಲ್ಕನೆಯದರಲ್ಲಿ ಮೇಲಿನ ಕೊಳವೆ ಹೋಗಿ ಕೆಳಗಿನ ಬುಡ ಮಾತ್ರ ಉಳಿದಿರುತ್ತದೆ. ಒಂದನ್ನು ಈಗಲೇ ಆರಿಸಿ ಕಾಗದದ ಮೇಲೆ ಬರೆದಿಡಿ.

ಬೇಕಾದ ಸಾಮಾನು

0.5 ಮಿ.ಮೀ. ಮತ್ತು 0.25 ಮಿ.ಮೀ. ಸ್ಟೈರೀನ್ (ಪ್ಲಾಸ್ಟಿಕ್) ಹಾಳೆ, 1 ಮಿ.ಮೀ. ಚೌಕದ ಸ್ಟೈರೀನ್ ಕಡ್ಡಿ, ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ತೆಳು ಅಂಟು, 0.3 ಮಿ.ಮೀ. ತಾಮ್ರದ ತಂತಿ (ಹಳೆಯ ಇಯರ್‌ಫೋನ್ ವೈರನ್ನು ಸೀಳಿದರೆ ಇನ್ನೂ ತೆಳುವಾದದ್ದು ಸಿಗುತ್ತದೆ), ಎಂ-ಸೀಲ್ ಅಥವಾ ಬೇರೆ ಎರಡು ಪಾಕದ ಎಪಾಕ್ಸಿ, ಟಿಶ್ಯೂ ಕಾಗದ, ಫೆವಿಕಾಲ್, 400 ಮತ್ತು 800 ನಂಬರಿನ ಸ್ಯಾಂಡ್‌ಪೇಪರ್, ಹೊಸ ಬ್ಲೇಡು.

ಸ್ಟೈರೀನ್ ಹಾಳೆ ಎಲ್ಲ ಊರಲ್ಲೂ ಸಿಗುವುದಿಲ್ಲ. ಅದಿಲ್ಲದಿದ್ದರೆ ನುಣುಪಾದ ಲಗ್ನಪತ್ರಿಕೆಯ ರಟ್ಟು ನಡೆಯುತ್ತದೆ. ಬೇಕಾದ ಆಕಾರಕ್ಕೆ ಕತ್ತರಿಸಿ, ಎರಡೂ ಬದಿಗೆ ಫೆವಿಕ್ವಿಕ್ ಸವರಿ ಒಣಗಿಸಿ ಉಜ್ಜಿದರೆ ತಗಡಿನಷ್ಟು ಗಡಸಾಗುತ್ತದೆ. ಅದರ ಆವಿ ಕಣ್ಣಿಗೆ ಉರಿ, ಹಾಗಾಗಿ ಕಿಟಕಿ ತೆರೆದಿರಲಿ. ಈ ರಟ್ಟಿಗೆ ಸ್ಟೈರೀನ್ ಅಂಟು ಹಿಡಿಯದು, ಫೆವಿಕ್ವಿಕ್ಕೇ ಆಗಬೇಕು.

1. ಬುಡದ ಪೆಟ್ಟಿಗೆಗಳು

ಪ್ರತಿ ಕೊಳವೆಯೂ ಎರಡು ತುಂಡು. ಕೆಳಗಿನ ಬುಡವನ್ನು ಟ್ಯಾಂಕಿಗೆ ಗಟ್ಟಿಯಾಗಿ ಕೂರಿಸುತ್ತಿದ್ದರು. ಮೇಲಿನ ಕೊಳವೆ ಅದಕ್ಕೆ ಕೊಂಡಿಯಿಂದ ಸಿಕ್ಕಿಸಿದ್ದು, ದಡ ಹತ್ತಿದ ಮೇಲೆ ತಂತಿಹಗ್ಗ ಎಳೆದರೆ ಕಳಚಿ ಬೀಳುತ್ತಿತ್ತು. ಕಾರಣ ಸರಳ: ಕೊಳವೆ ಇರುವ ತನಕ ಗೋಪುರ ಹಿಂದಕ್ಕೆ ತಿರುಗಿದರೆ ತೋಪಿನ ನಳಿಗೆ ಅದಕ್ಕೆ ಬಡಿಯುತ್ತದೆ. ಹಾಗಾಗಿ ನಿಮ್ಮ ಮಾದರಿಯಲ್ಲೂ ಎರಡು ತುಂಡು ಬೇರೆ ಬೇರೆಯಾಗಿಯೇ ಮಾಡಿ.

ಮುಂದಿನ ಬುಡಕ್ಕೆ ಅಳತೆ ನಿಮ್ಮ ಕಿಟ್‌ನಿಂದಲೇ ತೆಗೆದುಕೊಳ್ಳಿ. ಗಾಳಿ ಎಳೆಯುವ ಜಾಲರಿಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಚು ಮೂಡುತ್ತದೆ. ಸುತ್ತಲೂ 1 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಇಂಧನ ತುಂಬುವ ಮುಚ್ಚಳಗಳು ಅದರಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಮೊದಲು ರಟ್ಟಿನಲ್ಲಿ ಮಾಡಿ, ಗೋಪುರ ಕೂರಿಸಿ ತಿರುಗಿಸಿ ನೋಡಿ. ಗೋಪುರದ ಹಿಂಭಾಗ ಬುಡಕ್ಕೆ ತಾಗಬಾರದು, ಏಕೆಂದರೆ ಬುಡ ಉಳಿದ ಟ್ಯಾಂಕು ಯುದ್ಧ ಮಾಡಬೇಕಿತ್ತು. ಇಲ್ಲಿ 1 ಮಿ.ಮೀ. ಸಂದು ಸಾಕು.

ಹಿಂದಿನ ಬುಡ ತುಸು ಕಷ್ಟ. ಒಡಲಿನ ಹಿಂಭಾಗದ ಚಾಚಿನ ಅಡಿಯಲ್ಲಿ ಗಾಳಿ ಹೊರಬರುವ ಬಾಯಿಯನ್ನು ಪೂರ್ತಿ ಸುತ್ತುವರಿದು, ಹಿಂದಕ್ಕೆ ಬಾಗಿ, ಮೇಲಕ್ಕೆ ಏಳಬೇಕು. ಅಡಿಯ ಬಾಯಿ ಮುಚ್ಚದೆ ಹಿಂಗೋಡೆಗೆ ಬರಿದೇ ಪೆಟ್ಟಿಗೆ ಅಂಟಿಸಿದರೆ ಆ ಕೊಳವೆಗೆ ಗಾಳಿಯೇ ಬಾರದು. ತೆಳು ಅಂಟಿನಿಂದ ಹೀಗೆ ಕಟ್ಟಿ: 0.5 ಮಿ.ಮೀ. ಹಾಳೆಯಲ್ಲಿ ಎರಡು ಪಕ್ಕೆಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಕತ್ತರಿಸಿ, ನಡುವೆ ಚೌಕ ಕಡ್ಡಿಯ ಅಡ್ಡಪಟ್ಟಿ ಕೊಟ್ಟು ನಿಲ್ಲಿಸಿ. ಬಾಗಿದ ಮೈಗೆ 0.25 ಮಿ.ಮೀ. ಹಾಳೆಯ ಪಟ್ಟಿಯನ್ನು ಮೊದಲೇ ಪೆನ್ನಿನ ಮೇಲೆ ಸುತ್ತಿ ಬಾಗಿಸಿಟ್ಟುಕೊಂಡು ಹೊದಿಸಿ. ಬಾಗಿಸದೆ ನೇರ ಅಂಟಿಸಿದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬಿಚ್ಚಿಕೊಂಡಿರುತ್ತದೆ.

2. ಮೇಲಿನ ಕೊಳವೆಗಳು

ನಾಲ್ಕು ಗೋಡೆಯ ಪೆಟ್ಟಿಗೆ ಮಾಡುವಾಗ ಹಾಳೆಯ ದಪ್ಪ ಕಳೆಯಲು ಮರೆಯಬೇಡಿ. ಹೊರ ಅಳತೆ 20×12 ಮಿ.ಮೀ. ಬೇಕಿದ್ದರೆ, 0.5 ಹಾಳೆಯಲ್ಲಿ ಅಗಲದ ಗೋಡೆ 20, ಕಿರಿಗೋಡೆ 11 ಮಿ.ಮೀ. ಒಳ ಮೂಲೆಗಳಿಗೆ ಚೌಕ ಕಡ್ಡಿ ಕೊಟ್ಟರೆ ಪೆಟ್ಟಿಗೆ ಸೊಟ್ಟಗಾಗದು. ಕಡ್ಡಿ ಬಾಯಿಯ ತನಕ ಬೇಡ, 5 ಮಿ.ಮೀ. ಕೆಳಗೇ ನಿಲ್ಲಿಸಿ, ಇಲ್ಲದಿದ್ದರೆ ಮೇಲಿಂದ ನೋಡಿದಾಗ ಕಾಣುತ್ತದೆ.

ಎತ್ತರ ಎಷ್ಟು? ಹೆಚ್ಚಿನ ಚಿತ್ರಗಳಲ್ಲಿ ಕೊಳವೆಯ ತಲೆ ಗೋಪುರದ ಚಾವಣಿಯ ಮಟ್ಟಕ್ಕೆ ಬರುತ್ತದೆ. ಶೆರ್ಮನ್‌ನ ಒಟ್ಟು ಎತ್ತರ 2.74 ಮೀಟರ್, ಅಂದರೆ ಮಾದರಿಯಲ್ಲಿ 78 ಮಿ.ಮೀ. ಕೊಳವೆಯ ಬಾಯಿ ನೆಲದಿಂದ 70 ಮಿ.ಮೀ.ಗಿಂತ ಕೆಳಗಿದ್ದರೆ 52ರ ಗೆರೆಗೆ ತೀರ ಹತ್ತಿರವಾಯಿತು, ಒಂದು ಅಲೆ ಬಂದರೆ ಎಂಜಿನ್ ಮುಗಿಯಿತು ಅನ್ನುವ ಹಾಗೆ ಕಾಣುತ್ತದೆ. ಬಾಯಿ ಯಾವ ಕಡೆಗೆ ತೆರೆದಿದೆ ಎಂಬುದು ಸೆಟ್ಟಿನಿಂದ ಸೆಟ್ಟಿಗೆ ಬೇರೆ. ಕಾರ್ಖಾನೆಯ ಸೆಟ್ಟುಗಳ ಜೊತೆಗೆ ಸೇನಾ ಘಟಕಗಳೇ ಕೈಯಾರೆ ತಗಡು ಬಾಗಿಸಿ ಮಾಡಿಕೊಂಡವೂ ಇದ್ದವು, ಪೆಸಿಫಿಕ್ ದ್ವೀಪಗಳಲ್ಲಂತೂ ಇವೇ ಧಾರಾಳ. ಆದ್ದರಿಂದ ಒಂದೇ ಒಂದು ಟ್ಯಾಂಕಿನ ಫೋಟೋ ಹಿಡಿದುಕೊಂಡು ಅದನ್ನೇ ಕಟ್ಟಿ. ಮೂರು ಫೋಟೋಗಳಿಂದ ಮೂರು ಭಾಗ ಹೆಕ್ಕಿದರೆ ಎಲ್ಲೂ ಇರದ ಟ್ಯಾಂಕು ತಯಾರಾಗುತ್ತದೆ.

ಬಾಯಿಯ ಅಂಚನ್ನು ಒಳಗಿನಿಂದ ಬ್ಲೇಡಿನಲ್ಲಿ ಕೆರೆದು ತೆಳುವಾಗಿಸಿ. ಮೂಲದ್ದು ತಗಡು. ನಿಮ್ಮ 0.5 ಮಿ.ಮೀ. ಹಾಳೆ ನಿಜದಲ್ಲಿ 17.5 ಮಿ.ಮೀ. ದಪ್ಪದ ಉಕ್ಕು ಎಂದಾಗುತ್ತದೆ, ಅದು ತಗಡಲ್ಲ, ಕವಚ! ಪೂರ್ತಿ ತೆಳುವಾಗಿಸುವುದು ಬೇಡ, ಕಣ್ಣು ಅಳೆಯುವುದು ಅಂಚನ್ನು ಮಾತ್ರ. ಹಾಗೆಯೇ ಗೋಡೆಯಲ್ಲಿ ಎರಡು ಮೂರು ಕಡೆ ಬ್ಲೇಡಿನ ಹೊಟ್ಟೆಯಿಂದ ಕೆರೆದು ಸಣ್ಣ ತಗ್ಗು ಮಾಡಿದರೆ ತಗಡು ನಜ್ಜಾದಂತೆ ಕಾಣುತ್ತದೆ. ಹೆಚ್ಚು ಬೇಡ.

3. ಕೊಂಡಿ, ಪಟ್ಟಿ, ತಂತಿ

ಬುಡ ಮತ್ತು ಕೊಳವೆ ಸೇರುವಲ್ಲಿ 0.25 ಹಾಳೆಯ 1 ಮಿ.ಮೀ. ಅಗಲದ ಪಟ್ಟಿ ಸುತ್ತಿ. ಕಳಚುವ ಹಗ್ಗಕ್ಕೆ ತಾಮ್ರದ ಎರಡು ಎಳೆಗಳನ್ನು ಹೊಸೆಯಿರಿ. ಹಗ್ಗ ಬಿಗಿಯಾಗಿ ತಂತಿವಾದ್ಯದಂತಿರಬಾರದು, ಸ್ವಲ್ಪ ಜೋತಿರಲಿ. ಆಧಾರದ ಸರಳುಗಳು ನಿಮ್ಮ ಫೋಟೋದಲ್ಲಿ ಕಂಡರೆ ಮಾತ್ರ ಹಾಕಿ.

4. ಸಂದು ಮೆತ್ತುವುದು

ಕೊಳವೆಯಷ್ಟು ಕಣ್ಣಿಗೆ ಹೊಡೆಯದಿದ್ದರೂ ನಿಜವಾದ ದುಡಿಮೆ ಇದ್ದದ್ದು ಇಲ್ಲೇ. ಕೊಳವೆ ಹಾಕಿದ ಟ್ಯಾಂಕು ಮುಳುಗುವುದು ಮೆತ್ತದೆ ಬಿಟ್ಟ ಬೆರಳಗಲದ ಸಂದಿನಿಂದ.

ಮೆತ್ತಲು ಬಳಸುತ್ತಿದ್ದದ್ದು ಮುಖ್ಯವಾಗಿ ಎರಡು. ಒಂದು, ಗ್ರೀಸಿನಲ್ಲಿ ಕಲ್ನಾರಿನ ಎಳೆ ಕಲಸಿದ ಹಿಟ್ಟಿನಂಥ ಪಾಕ. ಇನ್ನೊಂದು, ರಬ್ಬರು ಲೇಪಿಸಿದ ಬಟ್ಟೆ. ಬ್ರಿಟಿಷರು ಅದನ್ನು ಬೋಸ್ಟಿಕ್ ಎಂಬ ರಬ್ಬರ್ ಅಂಟಿನಿಂದ ಅಂಟಿಸುತ್ತಿದ್ದರು. ಅಲುಗಾಡದ ಸಂದಿಗೆ ಪಾಕ, ಅಲುಗಾಡುವ ಜಾಗಕ್ಕೆ ಬಟ್ಟೆ ಎಂದು ನೆನಪಿಟ್ಟುಕೊಳ್ಳಿ. ಹೀಗಾಗಿ:

ಚಾಲಕನ ಮತ್ತು ಮುಂದಿನ ಮೆಷಿನ್‌ಗನ್ನಿನವನ ಮುಚ್ಚಳಗಳ ಅಂಚು, ಗಾಳಿ ಕಿಂಡಿಗಳ ಟೋಪಿ, ಗೋಪುರದ ಪಕ್ಕದ ಪಿಸ್ತೂಲು ಕಿಂಡಿ, ಒಡಲಿನ ಅಡಿಯ ಪಾರುಬಾಗಿಲು, ಬೋಲ್ಟು ಹಾಕಿದ ಕವಚದ ಅಂಚುಗಳು: ಇವಕ್ಕೆ ಪಾಕ. ತೋಪಿನ ಬುಡದ ಗುರಾಣಿ (ಮ್ಯಾಂಟ್ಲೆಟ್), ಒಡಲಿನ ಮೆಷಿನ್‌ಗನ್ ಕೂತ ಚೆಂಡಿನಾಕಾರದ ಬುಡ, ಗೋಪುರ ತಿರುಗುವ ಬಳೆ: ಇವಕ್ಕೆ ಬಟ್ಟೆ. ನಳಿಗೆಯ ಬಾಯಿಗೂ ಒಂದು ಟೋಪಿ.

ಮಾದರಿಯಲ್ಲಿ ಪಾಕಕ್ಕೆ ಎಂ-ಸೀಲನ್ನು ದಾರದಷ್ಟು ತೆಳ್ಳಗೆ ಹೊಸೆದು ಸಂದಿಗೆ ಇಟ್ಟು, ಒದ್ದೆ ಟೂತ್‌ಪಿಕ್ಕಿನಿಂದ ಒತ್ತಿ. ಅಂಚು ಒರಟಾಗಿರಲಿ, ಕೈಯಿಂದ ಮೆತ್ತಿದ್ದು ಹಾಗೇ ಕಾಣುವುದು. ಎಂ-ಸೀಲ್ ಕಲಸಿದ ಮೇಲೆ ಸೆಕೆಗಾಲದಲ್ಲಿ ಬೇಗ ಗಟ್ಟಿಯಾಗುತ್ತದೆ. ಕಡಲೆಕಾಳಿನಷ್ಟೇ ಕಲಸಿಕೊಳ್ಳುತ್ತ ಹೋಗಿ. ಬಟ್ಟೆಗೆ ಒಂದೇ ಪದರದ ಟಿಶ್ಯೂ, ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್. ಮೊದಲು ಒಣ ಟಿಶ್ಯೂವನ್ನು ಇಟ್ಟು, ಮೇಲಿಂದ ಕುಂಚದಲ್ಲಿ ಫೆವಿಕಾಲ್ ನೀರು ಒತ್ತಿ. ನೆನೆದ ಟಿಶ್ಯೂ ಎತ್ತಲು ಹೋದರೆ ಹರಿಯುತ್ತದೆ. ಒಣಗಿದ ಮೇಲೆ ಸುಕ್ಕುಗಳು ತೋಪಿನ ಬುಡದಿಂದ ಅಂಚಿನ ಕಡೆಗೆ ಹರಡಿರಬೇಕು, ಅಡ್ಡಾದಿಡ್ಡಿಯಾಗಿ ಅಲ್ಲ.

ಬಟ್ಟೆ ಮುಚ್ಚಿದ ಗೋಪುರ ತಿರುಗದು. ಆದ್ದರಿಂದ ನೀರಿನಲ್ಲಿರುವ ಮಾದರಿಯಲ್ಲಿ ತೋಪು ನೇರ ಮುಂದಕ್ಕೇ ನೋಡುತ್ತಿರಲಿ. ದಡ ಹತ್ತಿದೊಡನೆ ಬಟ್ಟೆಯನ್ನು ಹರಿಯಬೇಕಲ್ಲ, ಅದಕ್ಕೆ ಕೆಲವು ಟ್ಯಾಂಕುಗಳಲ್ಲಿ ಬಟ್ಟೆಯ ಅಂಚಿಗೆ ಕಾರ್ಡ್‌ಟೆಕ್ಸ್ ಎಂಬ ಸಿಡಿಯುವ ಹಗ್ಗ ಕೂರಿಸಿ ಒಳಗಿನಿಂದಲೇ ಸಿಡಿಸುತ್ತಿದ್ದರು. ಮೂರನೆಯ ಹೊತ್ತಿನ ಮಾದರಿ ಮಾಡುವವರು ಗುರಾಣಿಯ ಸುತ್ತ ಚಿಂದಿ ಅಂಚನ್ನೂ ಬಣ್ಣ ಸುಲಿದು ಕಪ್ಪಾದ ಗೆರೆಯನ್ನೂ ತೋರಿಸಬಹುದು.

5. ಬಣ್ಣ

ಕೊಳವೆಗೂ ಟ್ಯಾಂಕಿನ ಹಸಿರೇ, ಆದರೆ ಒಂದು ಛಾಯೆ ಬೇರೆ ಇರಲಿ. ಅದನ್ನು ಆಮೇಲೆ ತಂದು ಹಾಕಿದ್ದು, ಟ್ಯಾಂಕಿನಷ್ಟು ಬಿಸಿಲು ಕಂಡದ್ದಲ್ಲ. ಹಲವು ಟ್ಯಾಂಕುಗಳ ಕೊಳವೆಯ ಪಕ್ಕೆಗೆ ದೂರದಿಂದ ಕಾಣುವಷ್ಟು ದೊಡ್ಡ ಅಂಕಿ ಬರೆಯುತ್ತಿದ್ದರು. ಅದು ನಿಮ್ಮ ಫೋಟೋದಲ್ಲಿ ಇದ್ದರೆ ಬರೆಯಿರಿ. ಮೆತ್ತಿದ ಪಾಕಕ್ಕೆ ಮಸುಕಾದ ಬೂದು ಕಂದು, ಹೊಳಪಿಲ್ಲದ್ದು.

ಮಸಿ ಹಿಂದಿನ ಕೊಳವೆಯ ಬಾಯಿಗೆ ಮಾತ್ರ. ಮುಂದಿನದು ಶುದ್ಧ ಗಾಳಿ ಎಳೆಯುವುದು. ಎರಡಕ್ಕೂ ಕಪ್ಪು ಬಳಿದ ಮಾದರಿಗಳನ್ನು ಪ್ರದರ್ಶನಗಳಲ್ಲಿ ಎಷ್ಟು ಕಂಡರೂ ಅದು ತಪ್ಪೇ.

ದಡ ಹತ್ತಿದ ಟ್ಯಾಂಕಿಗೆ 52ರ ಗೆರೆಯ ಕೆಳಗೆ ಒದ್ದೆಯ ಗಾಢತನ ಬೇಕು. ಗೆರೆ ಸೀಸದ ಕಡ್ಡಿಯಿಂದ ಎಳೆದಂತೆ ನೇರವಾಗಬಾರದು, ಅಲೆ ಏರಿಳಿದಂತೆ ಬರಲಿ. ತುಕ್ಕು ಬೇಡ. ಒಂದು ಗಂಟೆಯ ಕಡಲ ನೀರಿಗೆ ಬಣ್ಣದ ಅಡಿಯಿಂದ ಕೆಂಪು ತುಕ್ಕು ಹೊಮ್ಮುವುದಿಲ್ಲ. ಟ್ರ್ಯಾಕಿನ ಉಕ್ಕಿನ ಕೊಂಡಿಗಳಲ್ಲಿ ಮಾತ್ರ ತೆಳುವಾಗಿ ತೋರಿಸಬಹುದು.

6. ನೀರು ಸುರಿಯುವುದು

ಟ್ಯಾಂಕನ್ನು ನೀರಿನಲ್ಲೇ ತೋರಿಸುವವರಿಗೆ ಮಾತ್ರ ಈ ಹಂತ. ಮೊದಲು ಒಂದು ಲೆಕ್ಕ. 30×20 ಸೆಂ.ಮೀ. ಪೀಠದ ಮೇಲೆ 5.2 ಸೆಂ.ಮೀ. ಆಳ ತುಂಬಲು ಮೂರು ಲೀಟರಿಗೂ ಹೆಚ್ಚು ರೆಸಿನ್ ಬೇಕು. ಅಷ್ಟು ಸುರಿಯುವುದು ದುಡ್ಡಿಗೂ ದಂಡ, ಕೆಲಸಕ್ಕೂ ದಂಡ. ದಡದ ಅಲೆಯ ನೀರು ಮರಳು ಕಲಸಿ ಕದಡಿರುತ್ತದೆ, ಅಡಿ ಕಾಣುವುದಿಲ್ಲ. ಹಾಗಾಗಿ 4.7 ಸೆಂ.ಮೀ. ತನಕ ಥರ್ಮೊಕೋಲ್ ತುಂಬಿ, ಮೇಲೆ ಬೂದು ಹಸಿರು ಬಳಿದು, ಕೊನೆಯ 5 ಮಿ.ಮೀ. ಮಾತ್ರ ರೆಸಿನ್ ಸುರಿಯಿರಿ. 300 ಮಿಲಿ ಲೀಟರಿನಲ್ಲಿ ಮುಗಿಯುತ್ತದೆ.

ರೆಸಿನ್ ಎಪಾಕ್ಸಿಯೇ ಆಗಿರಲಿ. ಪಾಲಿಯೆಸ್ಟರ್ ರೆಸಿನ್ ಥರ್ಮೊಕೋಲನ್ನೂ ಕರಗಿಸುತ್ತದೆ, ಮಾದರಿಯ ಪ್ಲಾಸ್ಟಿಕ್ಕನ್ನೂ. ಒಮ್ಮೆಗೇ ದಪ್ಪ ಸುರಿದರೆ ಎಪಾಕ್ಸಿಯೂ ಬಿಸಿಯೇರಿ ಬಿರುಕು ಬಿಡುತ್ತದೆ. ಎರಡು ಮೂರು ಮಿ.ಮೀ.ಯಂತೆ ಎರಡು ಸಲ ಸುರಿಯಿರಿ, ನಡುವೆ ಒಂದು ದಿನ ಬಿಡಿ.

ಸುರಿಯುವ ಮುಂಚೆ ಮಾದರಿಯ ತೂತುಗಳನ್ನು ನೀವೂ ಮೆತ್ತಲೇಬೇಕು. ಕಿಟ್ಟಿನ ಒಡಲಿನಲ್ಲಿ ಮಾದರಿಗೆ ಮೋಟರು ಹಾಕುತ್ತಿದ್ದ ಕಾಲದ ತೂತು, ಪಕ್ಕದ ಚಾಚಿನಡಿಯ ಖಾಲಿ ಜಾಗ, ಹಿಂಗೋಡೆಯ ಸಂದು ಎಲ್ಲ ಇರುತ್ತವೆ. ಒಂದು ಉಳಿದರೂ ರೆಸಿನ್ ಒಳಗೆ ಇಳಿದು ಮೇಲ್ಮಟ್ಟ ರಾತ್ರೋರಾತ್ರಿ ಕುಸಿಯುತ್ತದೆ. ಪರೀಕ್ಷೆ ಸುಲಭ: ಬಣ್ಣ ಹಚ್ಚುವ ಮೊದಲು ಮಾದರಿಯನ್ನು ಬಕೆಟ್ ನೀರಿನಲ್ಲಿ 52ರ ಗೆರೆಯ ತನಕ ಅದುಮಿ ಹತ್ತು ನಿಮಿಷ ಹಿಡಿಯಿರಿ. ಎಲ್ಲಿ ಗುಳ್ಳೆ ಬರುತ್ತದೋ ಅಲ್ಲಿ ಎಂ-ಸೀಲ್. ಅದುಮುವಾಗಲೇ ಕೈಗೆ ಗೊತ್ತಾಗುತ್ತದೆ, ಪೊಳ್ಳು ಒಡಲು ಮೇಲಕ್ಕೆ ನೂಕುತ್ತದೆ. ಆದ್ದರಿಂದ ಒಡಲಿನ ಅಡಿಯಿಂದ ಪೀಠಕ್ಕೆ ಎರಡು ಸ್ಕ್ರೂ ಹಾಕಿ, ಬರಿಯ ಅಂಟನ್ನು ನಂಬಬೇಡಿ.

ಅಲೆಯ ಆಕಾರಕ್ಕೂ ಒಂದು ನಿಯಮವಿದೆ. ಹಾಯುವ ಟ್ಯಾಂಕು ತಗ್ಗಿನ ಗೇರಿನಲ್ಲಿ, ಎಂಜಿನ್ ಜೋರಾಗಿ ತಿರುಗುತ್ತಿರುವಂತೆ, ನಡಿಗೆಯ ವೇಗದಲ್ಲಿ, ನಡುವೆ ಗೇರು ಬದಲಿಸದೆ, ನಿಲ್ಲದೆ ಸಾಗುತ್ತಿತ್ತು. ವೇಗ ಹೆಚ್ಚಿಸಿದರೆ ಮುಂದೆ ನೀರಿನ ಗುಡ್ಡೆ ಎದ್ದು ಚಾಲಕನ ಮುಚ್ಚಳದ ಮೇಲೇ ಬರುತ್ತಿತ್ತು. ಆದ್ದರಿಂದ ಸ್ಪೀಡ್‌ಬೋಟಿನಂತೆ ಎರಡು ಕಡೆ ಬಿಳಿ ನೊರೆಯ ರೆಕ್ಕೆ ಮಾಡಬೇಡಿ. ಮುಂದೆ ಅಗಲವಾದ ಮೆತ್ತನೆ ಉಬ್ಬು, ಹಿಂದೆ ಕದಡಿದ ಮರಳಿನ ಬಣ್ಣ, ಇಷ್ಟೇ.

7. ದೋಣಿಯ ಮೇಲೆ ಅಥವಾ ಸಿದ್ಧತೆಯ ಬಯಲಿನಲ್ಲಿ ತೋರಿಸುವವರಿಗೆ

ಎಲ್ಲ ಒಂದೇ ದಿನ ಮೆತ್ತುತ್ತಿರಲಿಲ್ಲ. ಪೂರ್ತಿ ಮುಚ್ಚಿದ ಎಂಜಿನನ್ನು ರಸ್ತೆಯಲ್ಲಿ ಓಡಿಸಿದರೆ ಕಾಯುತ್ತದೆ, ಮೆತ್ತಿದ್ದು ಅಲುಗಾಡಿ ಬಿಡುತ್ತದೆ. ಬ್ರಿಟಿಷರು ಅದಕ್ಕೇ ಕೆಲಸವನ್ನು ಎ, ಬಿ, ಸಿ ಎಂದು ಮೂರು ಹಂತ ಮಾಡಿದ್ದರು. ಹೊತ್ತು ಹಿಡಿಯುವ ಒಳಗಿನ ಕೆಲಸ ಮೊದಲು ಶಿಬಿರದಲ್ಲಿ, ಮುಂದಿನದು ಬಂದರಿನ ಹತ್ತಿರದ ಜಮಾವಣೆಯ ಜಾಗದಲ್ಲಿ, ಕೊನೆಯ ಮುಚ್ಚುವಿಕೆ ಹಡಗು ಹತ್ತಿದ ಮೇಲೆ. ಅಂದರೆ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಸಾಗುವ ಟ್ಯಾಂಕಿಗೆ ಬುಡ ಹಾಕಬಹುದು, ಗೋಪುರದ ಬಳೆಗೆ ಬಟ್ಟೆ ಹಾಕಿದರೆ ತಪ್ಪು. ದಡ ಸೇರಿದ ಮೇಲೆ ಬಿಚ್ಚುವುದೂ ಹಂತ ಹಂತವಾಗಿಯೇ: ಎಂಜಿನ್ ಕಾಯದಂತೆ ಮತ್ತು ತೋಪು ತಿರುಗುವಂತೆ ಮಾಡುವುದು ತಕ್ಷಣ, ಉಪ್ಪುನೀರು ಹೊಕ್ಕ ಚಕ್ರಗಳಿಗೆ ಹೊಸ ಗ್ರೀಸು ತುಂಬುವುದು ಆಮೇಲೆ.

ಬೇರೆ ಟ್ಯಾಂಕು, ಬೇರೆ ತೀರ

ಚರ್ಚಿಲ್: ಇದು ಬ್ರಿಟಿಷ್ ಟ್ಯಾಂಕು. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಗೆ ಕೆನಡಾದ ಕ್ಯಾಲ್ಗರಿ ರೆಜಿಮೆಂಟಿನ ಚರ್ಚಿಲ್‌ಗಳು ಪಕ್ಕದ ಗಾಳಿಪೆಟ್ಟಿಗೆಗಳನ್ನು ಎತ್ತರಿಸಿಕೊಂಡು, ಹೊಗೆಕೊಳವೆ ಉದ್ದ ಮಾಡಿಕೊಂಡು ಬಂದವು. ದೋಣಿಯಿಂದ ಇಳಿದ 29ರಲ್ಲಿ ಎರಡು ಮಾತ್ರ ಮುಳುಗಿ 27 ದಡ ಸೇರಿದವು. ಹಾಯುವ ಸಲಕರಣೆ ಅಲ್ಲಿ ಕೈಕೊಡಲಿಲ್ಲ. ತೊಂದರೆ ಕೊಟ್ಟದ್ದು ಟ್ರ್ಯಾಕಿಗೆ ಸಿಕ್ಕಿದ ದಡದ ಉರುಟು ಕಲ್ಲು. ಡಿಯೆಪ್ ಪೀಠಕ್ಕೆ ಮರಳು ಹರಡಬೇಡಿ, ಕಲ್ಲೇ ಆಗಬೇಕು. ಅಕ್ವೇರಿಯಂ ಜಲ್ಲಿಯನ್ನು ಜರಡಿ ಹಿಡಿದು 2ರಿಂದ 5 ಮಿ.ಮೀ. ಗಾತ್ರದ್ದು ಆರಿಸಿಕೊಳ್ಳಿ.

ತರಾವಾ: 1943ರ ನವೆಂಬರಿನಲ್ಲಿ ಪೆಸಿಫಿಕ್‌ನ ಈ ಹವಳದ್ವೀಪದಲ್ಲಿ ಇಳಿದ ಅಮೆರಿಕನ್ ಮರೀನ್ ಪಡೆಯ 14 ಶೆರ್ಮನ್‌ಗಳಿಗೆ ಎತ್ತರದ ಗಾಳಿಕೊಳವೆ ಇರಲಿಲ್ಲ. ಹವಳದ ದಿಬ್ಬದ ಅಂಚಿನಿಂದ ಆಳವಿಲ್ಲದ ನೀರಿನಲ್ಲಿ ನಡೆದು ಬರುವಾಗ ಕೆಲವು ಶೆಲ್ ಬಿದ್ದ ಗುಂಡಿಗಳಿಗೆ ಇಳಿದು ನಿಂತವು. ಈ ದೃಶ್ಯ ಮಾಡುವವರು ಕೊಳವೆ ಹಾಕುವ ಆಸೆ ಬಿಡಬೇಕು.

ಬಾರ್ವ್: ನೀರಲ್ಲಿ ಕೆಟ್ಟು ನಿಂತ ವಾಹನಗಳನ್ನು ಎಳೆಯಲು ಬ್ರಿಟಿಷರು ಮಾಡಿದ ಶೆರ್ಮನ್. ಗೋಪುರ ತೆಗೆದು ದೋಣಿಯ ಮೂತಿಯಂಥ ಎತ್ತರದ ಉಕ್ಕಿನ ಗೂಡು ಕಟ್ಟಿದ್ದು, 9 ಅಡಿ ನೀರು ಹಾಯುತ್ತಿತ್ತು. 1:35ರಲ್ಲಿ 78 ಮಿ.ಮೀ., ಅಂದರೆ ಮಾಮೂಲಿ ಶೆರ್ಮನ್ ನೆತ್ತಿಯ ತನಕ. ಇದಕ್ಕೆ ಡೀಸೆಲ್ಲಿನ ಎಂ4ಎ2 ಆರಿಸಿದ್ದು ಸುಮ್ಮನಲ್ಲ, ಕಾದ ಎಂಜಿನ್ ತಣ್ಣೀರಿಗೆ ಇಳಿದಾಗ ಡೀಸೆಲ್ ಎಂಜಿನಿಗೆ ಪೆಟ್ಟು ಕಡಿಮೆ. ಕಿಟ್ ಆರಿಸುವಾಗ ಹಿಂಭಾಗ ನೋಡಿ ಕೊಳ್ಳಿ.

ಜರ್ಮನರ ಮುಳುಗು ಟ್ಯಾಂಕು: 1940ರಲ್ಲಿ ಇಂಗ್ಲೆಂಡಿನ ಮೇಲೆ ಇಳಿಯಲೆಂದು ಪಾಂಜರ್ 3 ಮತ್ತು 4ನ್ನು 15 ಮೀಟರ್ ಆಳದಲ್ಲಿ ಸಾಗುವಂತೆ ಮಾರ್ಪಡಿಸಿದ್ದರು. ಇಲ್ಲಿ ತಗಡಿನ ಕೊಳವೆಯಿಲ್ಲ. ಸುಮಾರು 18 ಮೀಟರ್ ಉದ್ದದ ಮೆತುಕೊಳವೆ, ಅದರ ತುದಿಯನ್ನು ತೇಲಿಸುವ ಬುರುಡೆ. ಹೊಗೆಗೆ ಹೊರಕ್ಕೆ ಮಾತ್ರ ತೆರೆಯುವ ಕವಾಟ, ಗೋಪುರದ ಬಳೆಗೆ ಗಾಳಿ ತುಂಬುವ ರಬ್ಬರು ಟ್ಯೂಬು. ಆ ಇಳಿಯುವಿಕೆ ನಡೆಯಲೇ ಇಲ್ಲ. ಈ ಟ್ಯಾಂಕುಗಳು 1941ರ ಜೂನ್ 22ರಂದು, ಸೋವಿಯತ್ ಒಕ್ಕೂಟದ ಮೇಲಿನ ದಾಳಿಯ ಮೊದಲ ದಿನ, ಗಡಿಯ ಬಗ್ ನದಿ ದಾಟಿದವು. ಹಾಗಾಗಿ ಕಡಲ ದೃಶ್ಯಕ್ಕಿಂತ ನದಿಯ ದೃಶ್ಯವೇ ಸರಿ.

ಅರಕಾನ್: ಭಾರತೀಯ ಟ್ಯಾಂಕು ಬೇಕೆನ್ನುವವರಿಗೆ 19ನೇ ಲ್ಯಾನ್ಸರ್ಸ್ ರೆಜಿಮೆಂಟಿನ ಶೆರ್ಮನ್‌ಗಳಿವೆ. 1945ರ ಜನವರಿಯಲ್ಲಿ ಬರ್ಮಾ ಕರಾವಳಿಯ ಮೈಬಾನ್, ಕಾಂಗಾವ್‌ಗಳಲ್ಲಿ ಇಳಿದವು. ಅಲ್ಲಿನ ವೈರಿ ನೀರಿನ ಆಳಕ್ಕಿಂತ ಹೆಚ್ಚಾಗಿ ಕೆಸರು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಕಾಂಡ್ಲಾ ಗಿಡಗಳ ಬುಡದಲ್ಲಿ ಕಾಣುವಂಥ ಜಿಗುಟು ಕಪ್ಪು ಮಣ್ಣಿನ ಹಾಗೆ ಪೀಠ ಮಾಡಿ. ಪ್ಲಾಸ್ಟರಿಗೆ ಕಪ್ಪು ಮತ್ತು ಕಂದು ಬಣ್ಣ ಕಲಸಿ, ಹಸಿ ಇರುವಾಗಲೇ ಟ್ರ್ಯಾಕನ್ನು ಚಕ್ರದ ಅರ್ಧದ ತನಕ ಒತ್ತಿ, ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಎರಡು ಕೈ.

1:72ರಲ್ಲಿ ಕಟ್ಟುವವರು 0.5ರ ಹಾಳೆ ಬಿಟ್ಟು ಪೂರ್ತಿ 0.25ರಲ್ಲೇ ಮಾಡಿ. ಬಟ್ಟೆಯ ಸುಕ್ಕಿಗೆ ಟಿಶ್ಯೂ ದಪ್ಪವಾಗುತ್ತದೆ, ಅದರ ಬದಲು ಗಟ್ಟಿ ಫೆವಿಕಾಲನ್ನೇ ಕುಂಚದಲ್ಲಿ ಎರಡು ಪದರ ಎಳೆದರೆ ಸಾಕು. ಕಳಚುವ ಹಗ್ಗಕ್ಕೆ ತಾಮ್ರ ಬೇಡ, ಕಿಟ್ಟಿನ ಚೌಕಟ್ಟಿನ ಪ್ಲಾಸ್ಟಿಕ್ಕನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದ ಎಳೆ ಹಾಕಿ. ಎಳೆಯುವಾಗ ಬೆಂಕಿಯಿಂದ ಹೊರಗೆ ತೆಗೆದೇ ಎಳೆಯಿರಿ, ಒಳಗಿಟ್ಟು ಎಳೆದರೆ ಹೊತ್ತಿಕೊಳ್ಳುತ್ತದೆ.